ಹೆನ್ರಿ ಪರ್ವತಗಳ ಬೈಸನ್ ಬೇಟೆ

ಹೆನ್ರಿ ಪರ್ವತಗಳ ಬೈಸನ್ ಬೇಟೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ ರಾಜ್ಯದ ದಕ್ಷಿಣ ಭಾಗದಲ್ಲಿ ಸರ್ಕಾರದ ಅನುಮತಿಯೊಂದಿಗೆ ನಡೆಯುವ ನಿಯಂತ್ರಿತ ಬೇಟೆಯಾಗಿದೆ. ಬೇಲಿಯ ನಿರ್ಬಂಧವಿಲ್ಲದೆ ಅಲೆಯುವ ಅಮೆರಿಕನ್ ಬೈಸನ್‌ಗಳ ಕೆಲವೇ ಹಿಂಡುಗಳಲ್ಲಿ ಇಲ್ಲಿನದೂ ಒಂದು. ಪ್ರಾಣಿಯ ಗಾತ್ರ ಮತ್ತು ಪ್ರದೇಶದ ದುರ್ಗಮತೆಗಳ ಕಾರಣದಿಂದ ಈ ಬೇಟೆಯಲ್ಲಿ ಗುಂಡು ಹಾರಿಸುವುದಕ್ಕಿಂತ ಪೂರ್ವಸಿದ್ಧತೆ ಮತ್ತು ಮಾಂಸದ ಸಾಗಣೆಯೇ ಹೆಚ್ಚು ಕಠಿಣ.

ಕರ್ನಾಟಕದ ಕಾಡುಗಳಲ್ಲಿರುವ ಕಾಟಿಯನ್ನು (ಕಾಡುಕೋಣ) 'ಇಂಡಿಯನ್ ಬೈಸನ್' ಎಂದು ಕರೆಯುವ ರೂಢಿಯಿದ್ದರೂ ಅದು ಬೇರೆ ಪ್ರಭೇದ. ಭಾರತದಲ್ಲಿ ಕಾಟಿಯ ಬೇಟೆಯು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಡಿ ನಿಷಿದ್ಧವಾಗಿದೆ.

ಹಿನ್ನೆಲೆ

ಉತ್ತರ ಅಮೆರಿಕದಲ್ಲಿ ಒಮ್ಮೆ ಕೋಟಿಗಳ ಲೆಕ್ಕದಲ್ಲಿದ್ದ ಬೈಸನ್‌ಗಳು 19ನೇ ಶತಮಾನದ ಕೊನೆಯ ವೇಳೆಗೆ ವಿಪರೀತ ಬೇಟೆಯಿಂದ ವಿನಾಶದ ಅಂಚನ್ನು ತಲುಪಿದವು. 1941ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ 18 ಬೈಸನ್‌ಗಳನ್ನು ತಂದು ಯೂಟಾದ ಮರುಭೂಮಿಯಲ್ಲಿ ಬಿಡಲಾಯಿತು. ಮರುವರ್ಷ ಇನ್ನೂ 5 ಗಂಡುಗಳು ಸೇರಿದವು. ಹಿಂಡು ಡರ್ಟಿ ಡೆವಿಲ್ ನದಿಯನ್ನು ದಾಟಿ, ಕ್ರಮೇಣ ಹೆನ್ರಿ ಪರ್ವತಗಳಲ್ಲಿ ನೆಲೆಸಿತು. ಮೊದಲ ಬೇಟೆಗೆ 1950ರಲ್ಲಿ ಅನುಮತಿ ದೊರೆಯಿತು.

ಅನುಮತಿ

ಯೂಟಾ ವನ್ಯಜೀವಿ ಇಲಾಖೆಯು ಅರ್ಜಿದಾರರಲ್ಲಿ ಚೀಟಿ ಎತ್ತಿ ಅನುಮತಿ ನೀಡುತ್ತದೆ. ಇದು 'ಜೀವಮಾನದಲ್ಲಿ ಒಮ್ಮೆ' ವರ್ಗಕ್ಕೆ ಸೇರಿದ್ದು, ಹಲವರು ವರ್ಷಗಟ್ಟಲೆ ಅರ್ಜಿ ಸಲ್ಲಿಸುತ್ತ ಕಾಯಬೇಕಾಗುತ್ತದೆ. ಕೆಲವು ಅನುಮತಿಗಳು ಹೆಣ್ಣು ಬೈಸನ್‌ಗೆ ಮಾತ್ರ ಸೀಮಿತ.

ಪ್ರದೇಶದ ಪರಿಚಯ

ಮರುಭೂಮಿಯಿಂದ ಮೇಲೇಳುವ ಈ ಶ್ರೇಣಿಯ ಅತ್ಯುನ್ನತ ಶಿಖರವಾದ ಮೌಂಟ್ ಎಲೆನ್ ಸುಮಾರು 3,500 ಮೀಟರ್ ಎತ್ತರವಿದೆ. ಹಿಂಡು ಎತ್ತರದ ಹುಲ್ಲುಗಾವಲು, ಕುರುಚಲು ಕಾಡು ಹಾಗೂ ಕೊರಕಲುಗಳ ನಡುವೆ ಸಂಚರಿಸುವುದರಿಂದ ಬೇಟೆಗಾರರು ಮುಂಚಿತವಾಗಿಯೇ ಬಂದು ನೀರಿನ ತಾಣ, ಹೆಜ್ಜೆಗುರುತು ಮತ್ತು ಸಗಣಿಗಳನ್ನು ಗಮನಿಸುತ್ತಾರೆ. ಎತ್ತರದ ಸ್ಥಳಗಳಲ್ಲಿ ಕುಳಿತು ದುರ್ಬೀನಿನಿಂದ ಇಳಿಜಾರುಗಳನ್ನು ಪರಿಶೀಲಿಸುತ್ತಾರೆ. ಮಳೆ ಬಂದರೆ ಮಣ್ಣಿನ ರಸ್ತೆಗಳು ಜಾರುತ್ತವೆ, ಕೊರಕಲುಗಳಲ್ಲಿ ಹಠಾತ್ ಪ್ರವಾಹ ಬರಬಹುದು. ಸಮೀಪದ ಊರಾದ ಹ್ಯಾಂಕ್ಸ್‌ವಿಲ್ ಬಹಳ ಚಿಕ್ಕದು. ಆದ್ದರಿಂದ ನೀರು, ಆಹಾರ, ಹೆಚ್ಚುವರಿ ಇಂಧನ, ಚಳಿಯ ಉಡುಪು ಮತ್ತು ಭೂಪಟಗಳು ಅತ್ಯಗತ್ಯ.

ಗುರುತಿಸುವಿಕೆ ಮತ್ತು ಗುರಿ

ಗಂಡು ಮತ್ತು ಹೆಣ್ಣು ಎರಡಕ್ಕೂ ಕೊಂಬುಗಳಿರುವುದರಿಂದ ಲಿಂಗ ಗುರುತಿಸುವ ಅಭ್ಯಾಸ ಬೇಕು. ಗಂಡಿನ ಕೊಂಬು ಬುಡದಲ್ಲಿ ದಪ್ಪವಾಗಿಯೂ ತಲೆ ಅಗಲವಾಗಿಯೂ ಇರುತ್ತದೆ. ಹೆಣ್ಣಿನ ಕೊಂಬು ತೆಳುವಾಗಿದ್ದು ಸಾಮಾನ್ಯವಾಗಿ ಒಳಮುಖವಾಗಿ ಬಾಗಿರುತ್ತದೆ.

ಭುಜದ ಮೇಲಿನ ಡುಬ್ಬವು ಬೆನ್ನುಮೂಳೆಯ ಉದ್ದನೆಯ ಚಾಚುಗಳು ಮತ್ತು ಸ್ನಾಯುಗಳಿಂದಾದದ್ದು. ಹೃದಯವು ಎದೆಯ ಕೆಳಭಾಗದಲ್ಲಿರುತ್ತದೆ. ಡುಬ್ಬವನ್ನೂ ಸೇರಿಸಿ ದೇಹದ ಮಧ್ಯಭಾಗವನ್ನು ಅಂದಾಜಿಸಿದರೆ ಗುಂಡು ಮೇಲೆ ತಗುಲಿ ಪ್ರಾಣಿ ಗಾಯಗೊಂಡು ನರಳುತ್ತದೆ. ಗುಂಡು ದೇಹವನ್ನು ಹಾದು ಹಿಂದಿರುವ ಮತ್ತೊಂದು ಪ್ರಾಣಿಗೆ ತಾಗಬಹುದಾದ್ದರಿಂದ, ಗುರಿಯಿಟ್ಟ ಪ್ರಾಣಿ ಹಿಂಡಿನಿಂದ ಪ್ರತ್ಯೇಕವಾಗುವವರೆಗೆ ಕಾಯುವುದು ಅವಶ್ಯಕ.

ಮಾಂಸದ ಸಾಗಣೆ

ಪೂರ್ಣ ಬೆಳೆದ ಗಂಡು ಬೈಸನ್ ಸುಮಾರು 900 ಕಿಲೋಗ್ರಾಂ ತೂಗಬಲ್ಲದು. ದಪ್ಪ ಚರ್ಮ ಮತ್ತು ರೋಮಗಳು ಸತ್ತ ಮೇಲೂ ಶಾಖವನ್ನು ಹಿಡಿದಿಡುವುದರಿಂದ, ವಿಶೇಷವಾಗಿ ಹಿಂದೊಡೆಯ ಮೂಳೆಯ ಸುತ್ತ ಮಾಂಸ ಬೇಗನೆ ಕೆಡುತ್ತದೆ. ಚರ್ಮವನ್ನು ತಕ್ಷಣ ಸುಲಿದು, ದೇಹವನ್ನು ಭಾಗಗಳಾಗಿ ಕತ್ತರಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿಟ್ಟು ನೆರಳಿನಲ್ಲಿ ತಣಿಸಬೇಕು. ಹರಿತವಾದ ಹಲವು ಚಾಕುಗಳು, ಮೂಳೆ ಗರಗಸ, ಹಗ್ಗ, ಜೊತೆಗೆ ಸಹಾಯಕರು ಅಥವಾ ಹೊರೆ ಹೊರುವ ಕುದುರೆಗಳು ಬೇಕಾಗುತ್ತವೆ. ಆಳವಾದ ಕೊರಕಲಿನಲ್ಲಿರುವ ಪ್ರಾಣಿಯನ್ನು ಹೊಡೆದರೆ ಮಾಂಸವನ್ನು ಹೊರತರುವುದೇ ಅಸಾಧ್ಯವಾಗಬಹುದು. ಹೊರತರುವ ದಾರಿಯನ್ನು ಗುಂಡು ಹಾರಿಸುವ ಮೊದಲೇ ನಿರ್ಧರಿಸಬೇಕು.

ಉದ್ದೇಶ ಮತ್ತು ವಿವಾದ

ಈ ಪ್ರದೇಶದಲ್ಲಿ ತೋಳಗಳು ನೆಲೆಸಿಲ್ಲವಾದ್ದರಿಂದ ಹಿಂಡಿನ ಸಂಖ್ಯೆಯನ್ನು ಮುಖ್ಯವಾಗಿ ಬೇಟೆಯ ಮೂಲಕವೇ ನಿಯಂತ್ರಿಸಲಾಗುತ್ತದೆ. ನಿರ್ವಹಣಾ ಯೋಜನೆಯು ಬೇಟೆಯ ನಂತರ 325 ವಯಸ್ಕ ಬೈಸನ್‌ಗಳನ್ನು ಉಳಿಸಿಕೊಳ್ಳುವ ಗುರಿ ಹೊಂದಿತ್ತು. ಅದೇ ಸಾರ್ವಜನಿಕ ಭೂಮಿಯಲ್ಲಿ ದನ ಮೇಯಿಸುವವರು ಬೈಸನ್‌ಗಳು ಮೇವು ತಿಂದುಹಾಕುತ್ತವೆ ಎಂದು ಆಕ್ಷೇಪಿಸುತ್ತ ಬಂದಿದ್ದಾರೆ. ಆದರೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿ ಮೇಯಲ್ಪಟ್ಟ ಹುಲ್ಲಿನಲ್ಲಿ ದನಗಳ ಪಾಲು ಸುಮಾರು ಶೇ. 52, ಮೊಲಗಳ ಪಾಲು ಶೇ. 34, ಬೈಸನ್‌ಗಳ ಪಾಲು ಶೇ. 14 ಮಾತ್ರ. ಹೀಗಾಗಿ ಎಷ್ಟು ಬೈಸನ್‌ಗಳನ್ನು ಬೇಟೆಯಾಡಬೇಕು ಎಂಬುದು ಎಷ್ಟು ಬೈಸನ್‌ಗಳಿಗೆ ಈ ನೆಲದಲ್ಲಿ ಜಾಗವಿದೆ ಎಂಬ ಪ್ರಶ್ನೆಯೊಂದಿಗೆ ಬೆಸೆದುಕೊಂಡಿದೆ.