ಏಸಾ ಗ್ರೇಯ ಸಮನ್ವಯ: ವಿಕಾಸವಾದ ಮತ್ತು ಕ್ರೈಸ್ತಶ್ರದ್ಧೆ

ವಿಕಾಸವಾದಕ್ಕೂ ಕ್ರೈಸ್ತಶ್ರದ್ಧೆಗೂ ಹುಟ್ಟುಹಗೆಯೆಂಬ ಭಾವನೆ ವಿದ್ಯಾವಂತರಲ್ಲಿಯೂ ರೂಢಮೂಲವಾಗಿದೆ. ಇತಿಹಾಸವು ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಅಮೆರಿಕದಲ್ಲಿ ಡಾರ್ವಿನ್ನನ ಪಕ್ಷವನ್ನು ಹಿಡಿದವರಲ್ಲಿ ಅಗ್ರಗಣ್ಯನಾದ ಏಸಾ ಗ್ರೇ (1810–1888) ನಿಷ್ಠಾವಂತ ಕ್ರೈಸ್ತನಾಗಿದ್ದನು. ಹಾರ್ವರ್ಡಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಅವನು ಕಟ್ಟಿದ ಸಮನ್ವಯದಲ್ಲಿ ಯಾವುದು ಉಳಿಯಿತು, ಯಾವುದು ಕುಸಿಯಿತು ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಡಾರ್ವಿನ್ನನು ತನ್ನ ಸಿದ್ಧಾಂತದ ಸಾರವನ್ನು 1857ರಲ್ಲಿಯೇ ಗ್ರೇಗೆ ಪತ್ರಮುಖೇನ ತಿಳಿಸಿದ್ದನು. 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಆ ಸಿದ್ಧಾಂತವು ಮೊದಲು ಪ್ರಕಟವಾದಾಗ, ಈ ಪತ್ರದ ಭಾಗವನ್ನೂ ಅಲ್ಲಿ ಓದಲಾಯಿತು. ಗ್ರೇ ಅದನ್ನು ಒಪ್ಪಿದುದು ಕೇವಲ ಸ್ನೇಹದಿಂದಲ್ಲ. ಜಪಾನಿನ ಸಸ್ಯಗಳಿಗೂ ಪೂರ್ವ ಅಮೆರಿಕದ ಸಸ್ಯಗಳಿಗೂ ಇರುವ ಹೋಲಿಕೆಯನ್ನು ಅವನು ಸ್ವತಃ ಪರಿಶೀಲಿಸಿದ್ದನು. ಹಾರ್ವರ್ಡಿನಲ್ಲಿ ಅವನ ಸಹೋದ್ಯೋಗಿಯಾಗಿದ್ದ ಅಗಾಸೀ, ಜೀವಜಾತಿಗಳು ಅಲ್ಲಲ್ಲಿಯೇ ಪ್ರತ್ಯೇಕವಾಗಿ ಸೃಷ್ಟಿಯಾದುವೆಂದು ವಾದಿಸುತ್ತಿದ್ದನು. ಗ್ರೇಯಾದರೋ ಈ ಹೋಲಿಕೆಗೆ ಸಮಾನ ಮೂಲ ಮತ್ತು ವಲಸೆಗಳೇ ಕಾರಣವೆಂದು ಕಂಡನು.

ಹಾಗಾದರೆ ಸೃಷ್ಟಿಕರ್ತನಿಗೆ ಸ್ಥಾನವೆಲ್ಲಿ? ಗ್ರೇ 1860ರಲ್ಲಿ ಬರೆದ ಲೇಖನಗಳಲ್ಲಿ ಎರಡು ಉತ್ತರಗಳಿವೆ. ಒಂದು, ಕಾರ್ಯವು ಹೇಗೆ ನಡೆಯಿತೆಂದು ವಿವರಿಸಿದ ಮಾತ್ರಕ್ಕೆ ಅದರ ಹಿಂದೆ ಸಂಕಲ್ಪವಿಲ್ಲವೆಂದು ಸಿದ್ಧವಾಗುವುದಿಲ್ಲ. ಇನ್ನೊಂದು, ಜೀವಿಗಳಲ್ಲಿ ತಲೆದೋರುವ ವ್ಯತ್ಯಾಸಗಳನ್ನು ದೈವವೇ ಹಿತಕರ ಮಾರ್ಗಗಳಲ್ಲಿ ನಡೆಸಿರಬಹುದು. ಈ ಲೇಖನಗಳನ್ನು ಡಾರ್ವಿನ್ನನೇ ಇಂಗ್ಲೆಂಡಿನಲ್ಲಿ ಪುಸ್ತಿಕೆಯಾಗಿ ಹಂಚಿಸಿದನು.

ಆದರೆ ಎರಡನೆಯ ಉತ್ತರವನ್ನು ಡಾರ್ವಿನ್ನನು ಒಪ್ಪಲಿಲ್ಲ. ಬಂಡೆಯಿಂದ ಉರುಳಿಬಿದ್ದ ಕಲ್ಲುಗಳನ್ನೇ ಆಯ್ದು ಶಿಲ್ಪಿಯೊಬ್ಬನು ಮನೆ ಕಟ್ಟಬಲ್ಲನು. ಒಂದೊಂದು ಕಲ್ಲಿನ ಆಕಾರಕ್ಕೂ ಕಾರಣವುಂಟು, ಆದರೆ ಆ ಮನೆಗೆಂದೇ ಅವು ಒಡೆದುವೆನ್ನಲಾಗದು. 1868ರ ಗ್ರಂಥದ ಕೊನೆಯಲ್ಲಿ ಅವನು ಕೊಟ್ಟ ಈ ದೃಷ್ಟಾಂತವು ಗ್ರೇಯನ್ನೇ ಉದ್ದೇಶಿಸಿದುದು. ಮುಂದೆ 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬವರು ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ನಡೆಸಿದರು. ವೈರಸ್ಸನ್ನು ಎದುರಿಸುವ ಶಕ್ತಿಯನ್ನು ಕೊಡುವ ಮಾರ್ಪಾಡುಗಳು ವೈರಸ್ಸಿನ ಸಂಪರ್ಕಕ್ಕೆ ಮೊದಲೇ ಉಂಟಾಗಿದ್ದುವೆಂದು ತೋರಿಬಂದಿತು. ಅಗತ್ಯಕ್ಕೆ ತಕ್ಕಂತೆ ವ್ಯತ್ಯಾಸಗಳು ಒದಗಿಬರುತ್ತವೆಂಬ ಎಣಿಕೆಗೆ ಹೀಗೆ ಆಧಾರ ತಪ್ಪಿತು.

ಇದರಿಂದ ಗ್ರೇಯ ಮೊದಲನೆಯ ಉತ್ತರಕ್ಕೆ ಬಾಧಕವಿಲ್ಲ. ವಿಜ್ಞಾನವು ಇನ್ನೂ ವಿವರಿಸಲಾರದ ಸಂದುಗಳಲ್ಲಿ ದೇವರನ್ನು ಇರಿಸಿದರೆ, ಸಂದು ಮುಚ್ಚಿದಂದು ಶ್ರದ್ಧೆಯೂ ಸ್ಥಾನಭ್ರಷ್ಟವಾಗುತ್ತದೆ. ನಿಯಮಬದ್ಧವಾದ ಸಮಸ್ತ ಪ್ರಕೃತಿಯೂ ದೈವಾಧೀನವೆಂದು ನಂಬುವವನಿಗೆ ಈ ಭಯವಿಲ್ಲ. 1950ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಮಾನವದೇಹದ ವಿಕಾಸವನ್ನು ವಿಚಾರಯೋಗ್ಯವೆಂದರು, ಆತ್ಮವು ಮಾತ್ರ ದೇವರ ನೇರ ಸೃಷ್ಟಿಯೆಂಬ ನಿಲುವನ್ನು ಬಿಡದೆ. 1996ರಲ್ಲಿ ಎರಡನೆಯ ಜಾನ್ ಪಾಲರು ವಿಕಾಸವಾದವು ಕೇವಲ ಊಹೆಯಲ್ಲವೆಂದು ಒಪ್ಪಿದರು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜೀವಂತ ಕಂಬಳಿಹುಳುವಿನ ಒಡಲನ್ನು ತಿಂದು ಬೆಳೆಯುವ ಕಣಜದ ಮರಿಗಳನ್ನು ಕರುಣಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತಾನು ನಂಬಲಾರೆನೆಂದು ಡಾರ್ವಿನ್ನನು 1860ರಲ್ಲಿ ಗ್ರೇಗೆ ಬರೆದನು. ಆದಿಕಾಂಡದ ಆರು ದಿನಗಳ ಲೆಕ್ಕಕ್ಕಿಂತ ಇದು ಕಠಿನತರವಾದ ಪ್ರಶ್ನೆ. ದಿನಗಳನ್ನು ಯುಗಗಳೆಂದು ಅರ್ಥೈಸಬಹುದು. ನೋವಿಗೆ ಬೇರೊಂದು ಅರ್ಥ ಹೇಳಿ ಅದನ್ನು ಇಲ್ಲವಾಗಿಸಲು ಬಾರದು. ಡಾರ್ವಿನ್ನನಿಗಿಂತ ಬಹಳ ಹಿಂದೆಯೇ ಯೋಬನ ಗ್ರಂಥವು ಎದುರಿಸಿದ ಪ್ರಶ್ನೆಯೂ ಇದೇ. ಸಮನ್ವಯವನ್ನು ಬಯಸುವವರು ಜೀವಶಾಸ್ತ್ರವನ್ನು ಅಲ್ಲಗಳೆಯಬೇಕಾದುದಿಲ್ಲ. ಈ ಪ್ರಶ್ನೆಯಿಂದ ಮುಖ ತಿರುಗಿಸದಿರಬೇಕಾದುದು ಮಾತ್ರ ಅವಶ್ಯ.