ಅರಮನೆಯಂಗಳದಲ್ಲಿ ಏಳು ಸಂಜೆ

ತಿರುವನಂತಪುರದ ಕುತಿರಮಾಳಿಕ ಅರಮನೆಯ ಮಾಡಿನ ಕೆಳಗೆ 122 ಮರದ ಕುದುರೆಗಳಿವೆ. ಮುಂಗಾಲೆತ್ತಿ, ಸೂರು ಹೊತ್ತವರಂತೆ ಸಾಲುಗಟ್ಟಿ ನಿಂತ ಈ ಕುದುರೆಗಳಿಂದಲೇ ಅರಮನೆಗೆ ಆ ಹೆಸರು ಬಂದದ್ದು. ಪ್ರತಿ ಜನವರಿಯಲ್ಲಿ, ಸಾಮಾನ್ಯವಾಗಿ 6ರಿಂದ 12ರವರೆಗೆ, ಅರಮನೆಯ ಮುಂಭಾಗವೇ ಕಛೇರಿಯ ವೇದಿಕೆಯಾಗುತ್ತದೆ, ಎದುರಿನ ತೆರೆದ ಅಂಗಳ ಕೇಳುಗರದು. ಟಿಕೆಟ್ ಇಲ್ಲ, ಆಹ್ವಾನಪತ್ರಿಕೆ ಬೇಕಿಲ್ಲ. ಬಂದವರು ಕೂರಬಹುದು, ಕೂತವರು ಕೇಳಬಹುದು. ಇದು ಸ್ವಾತಿ ಸಂಗೀತೋತ್ಸವ.

ನಾವಿರುವ ಉಳ್ಳೂರು ನಗರಪಾಲಿಕೆಯೊಳಗೆ ಸೇರಿಹೋಗಿದ್ದರೂ ಊರಿನ ಗುಣವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಬಾಲಸುಬ್ರಹ್ಮಣ್ಯನ ದೇವಸ್ಥಾನ, ಹೆದ್ದಾರಿಯ ಗದ್ದಲ, ಒಳಗಿನ ಓಣಿಗಳಲ್ಲಿ ಒಬ್ಬರಿಗೊಬ್ಬರು ಗೊತ್ತಿರುವ ಮನೆಗಳು. ಮಲಯಾಳದ ಮಹಾಕವಿ ಉಳ್ಳೂರ್ ಎಸ್. ಪರಮೇಶ್ವರಯ್ಯರ್ ಹೆಸರಿನ ಮುಂದೆ ಇರುವುದೂ ಇದೇ ಊರು. ಹತ್ತಿರದ ಮೆಡಿಕಲ್ ಕಾಲೇಜಿಗೋ ತುಂಬಾದ ಬಾಹ್ಯಾಕಾಶ ಕೇಂದ್ರಕ್ಕೋ ಬ್ಯಾಂಕಿಗೋ ಕೆಲಸದ ಮೇಲೆ ಬಂದು ಇಲ್ಲೇ ನೆಲೆ ನಿಂತ ಕನ್ನಡದ ಮನೆಗಳೂ ಉಂಟು. ಅಂಥ ಮನೆಗಳಿಗೆ ಡಿಸೆಂಬರ್, ಜನವರಿ ಎಂದರೆ ಹೊರಗೆ ತಿರುಗುವ ತಿಂಗಳು.

ಇಲ್ಲಿನ ಚಳಿಗೆ ಕಂಬಳಿ ಬೇಕಿಲ್ಲ. ಬೆಳಗಿನ ಜಾವವೂ 22, 23 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಅಕ್ಟೋಬರ್, ನವೆಂಬರಿನ ತುಲಾಮಳೆ ಹಿಂದೆ ಸರಿದಿರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಕೊಡೆ ಹಿಡಿದೇ ನಡೆದವರಿಗೆ ಬರಿಗೈಯಲ್ಲಿ ಹೊರಡುವುದೇ ಒಂದು ಸುಖ. ಡಿಸೆಂಬರಿನಲ್ಲಿ ಸಿನಿಮಾ ಉತ್ಸವ, ವರ್ಷದ ಕೊನೆಗೆ ಕನಕಕ್ಕುನ್ನಿನಲ್ಲಿ ಹೂವಿನ ಪ್ರದರ್ಶನ ಮತ್ತು ದೀಪಾಲಂಕಾರ, ಧನು ತಿಂಗಳ ತಿರುವಾದಿರೆಗೆ ಕೂವೆ ಹಿಟ್ಟಿನ ಪಾಯಸ, ಗೆಡ್ಡೆಗೆಣಸಿನ ಪುಳುಕ್ಕ್, ಹೆಂಗಸರ ಕೈಕೊಟ್ಟಿಕ್ಕಳಿ ಕುಣಿತ. ಇಷ್ಟೆಲ್ಲದರ ಜೊತೆಗೆ ಬರುತ್ತದೆ ಸಂಗೀತೋತ್ಸವ. ಸಂಭ್ರಮಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಅಜ್ಜಿ, ಅಪ್ಪ, ಶಾಲೆಗೆ ಹೋಗುವ ಮಗಳು, ಪಕ್ಕದ ಮನೆಯ ಚೇಚಿ, ಎಲ್ಲರಿಗೂ ಪಾಲಿದೆ, ಖರ್ಚು ಮಾತ್ರ ಬಸ್ಸಿನದು.

ಉಳ್ಳೂರಿನಲ್ಲಿ ಹತ್ತಿದ ಬಸ್ಸು ಕೇಶವದಾಸಪುರಂ, ಪಟ್ಟಂ, ಪಾಳಯಂ, ಸೆಕ್ರೆಟೇರಿಯಟ್ ದಾಟಿ ಕಿಳಕ್ಕೇಕೋಟ್ಟದಲ್ಲಿ, ಅಂದರೆ ಪೂರ್ವಕೋಟೆಯ ಬಾಗಿಲಲ್ಲಿ ಇಳಿಸುತ್ತದೆ. ಜನವರಿಯ ಆ ವಾರ ಶಬರಿಮಲೆಯ ಮಕರವಿಳಕ್ಕಿನ ಹೊಸ್ತಿಲು. ಕಪ್ಪುಟ್ಟ ಸ್ವಾಮಿಗಳು ಇಲ್ಲಿನ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ದರ್ಶನಕ್ಕೆ ಸಾಲುಗಟ್ಟಿರುತ್ತಾರೆ. ಪದ್ಮತೀರ್ಥ ಕೆರೆಯ ಎದುರು ಮೇತ್ತನ್ ಮಣಿ ಎಂಬ ಹಳೆಯ ಗಡಿಯಾರವಿದೆ. ಗಂಟೆ ಹೊಡೆಯುವಾಗ ಗಡ್ಡದ ಮುಖವೊಂದು ಬಾಯಿ ತೆರೆಯುತ್ತದೆ, ಎರಡು ಟಗರುಗಳು ಎರಡೂ ಕಡೆಯಿಂದ ಬಂದು ಅದರ ಕೆನ್ನೆಗೆ ಗುದ್ದುತ್ತವೆ. ಮಕ್ಕಳು ಇದನ್ನು ನೋಡದೆ ಒಂದು ಹೆಜ್ಜೆ ಮುಂದೆ ಇಡುವುದಿಲ್ಲ. ಅಲ್ಲಿಂದ ಅರಮನೆ ನಾಲ್ಕು ಹೆಜ್ಜೆ.

ಅರಮನೆ ಕಟ್ಟಿಸಿದವರು ಸ್ವಾತಿ ತಿರುನಾಳ್ ರಾಮವರ್ಮ. 1813ರಲ್ಲಿ ಹುಟ್ಟುವ ಮೊದಲೇ, ತಾಯಿಯ ಗರ್ಭದಲ್ಲಿರುವಾಗಲೇ, ತಿರುವಾಂಕೂರಿನ ಸಿಂಹಾಸನ ಅವರದೆಂದು ನಿಶ್ಚಯವಾಗಿತ್ತು. ಅದಕ್ಕೇ ಅವರನ್ನು ಗರ್ಭಶ್ರೀಮಾನ್ ಎನ್ನುತ್ತಾರೆ. ಆ ಕೂಸಿಗಾಗಿ ಇರಯಿಮ್ಮನ್ ತಂಬಿ ಕಟ್ಟಿದ ಜೋಗುಳ ಇವತ್ತಿಗೂ ಕೇರಳದ ತೊಟ್ಟಿಲುಗಳನ್ನು ತೂಗುತ್ತಿದೆ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಅವರು 1829ರಲ್ಲಿ ಆಡಳಿತ ವಹಿಸಿಕೊಂಡರು. ಇಂಗ್ಲಿಷ್ ಶಾಲೆ ತೆರೆದರು, 1837ರಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿದರು. 1846ರ ಡಿಸೆಂಬರಿನಲ್ಲಿ, 33ನೆಯ ವಯಸ್ಸಿಗೆ ತೀರಿಕೊಂಡರು. ಅಷ್ಟರೊಳಗೆ ಸುಮಾರು 400 ರಚನೆಗಳನ್ನು ಮಾಡಿದ್ದರು.

ಉತ್ಸವದ ಕಟ್ಟುಪಾಡು ಒಂದೇ: ಹಾಡುವುದೆಲ್ಲ ಸ್ವಾತಿ ತಿರುನಾಳರ ರಚನೆಯೇ ಆಗಿರಬೇಕು. ಒಬ್ಬರದೇ ಹಾಡು ಏಳು ದಿನ ಕೇಳಿದರೆ ಸಾಕಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೂತು ನೋಡಿದರೆ ಗೊತ್ತಾಗುತ್ತದೆ. ವರ್ಣ, ಕೃತಿ, ಪದ, ತಿಲ್ಲಾನ, ಹಿಂದೂಸ್ತಾನಿ ಭಜನ್, ಧ್ರುಪದ ಎಲ್ಲವೂ ಅವರಲ್ಲಿವೆ. ಸಂಸ್ಕೃತ, ಮಲಯಾಳ, ತೆಲುಗು, ಹಿಂದೂಸ್ತಾನಿ ಜೊತೆಗೆ ಕನ್ನಡವೂ ಇದೆ. ‘ರಾಜೀವಾಕ್ಷ ಬಾರೋ’ ಕನ್ನಡದ ರಚನೆ. ಪುರಂದರದಾಸರ ಹಾಡು ಕೇಳಿ ಬೆಳೆದ ಅಜ್ಜಿಗೆ ತಿರುವಾಂಕೂರಿನ ರಾಜ ಕನ್ನಡದಲ್ಲಿ ದೇವರನ್ನು ಕರೆಯುತ್ತಾನೆಂದು ತಿಳಿದಾಗ ಆಗುವ ಸಂತೋಷವೇ ಬೇರೆ. ‘ಭಾವಯಾಮಿ ರಘುರಾಮಂ’ ಬಂದರೆ ಮಕ್ಕಳಿಗೂ ಹಬ್ಬ. ಆರು ಚರಣಗಳಲ್ಲಿ ಇಡೀ ರಾಮಾಯಣ. ಮೊದಲು ಇಡೀ ಹಾಡು ಸಾವೇರಿಯಲ್ಲಿತ್ತು. ಈಗ ನಾವು ಕೇಳುವ ರಾಗಮಾಲಿಕೆ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರು ಹೊಂದಿಸಿದ್ದು. ರಾಗ ಬದಲಾದಾಗ ಕಥೆಯೂ ಮುಂದಿನ ಕಾಂಡಕ್ಕೆ ಹೋಯಿತೆಂದು ಒಮ್ಮೆ ಹೇಳಿಕೊಟ್ಟರೆ ಸಾಕು, ಉಳಿದದ್ದನ್ನು ಮಕ್ಕಳೇ ಹಿಂಬಾಲಿಸುತ್ತಾರೆ.

ಈ ಹಾಡುಗಳು ಉಳಿದ ಕಥೆಯಲ್ಲಿ ಮೈಸೂರಿನದೂ ಪಾತ್ರವಿದೆ. ತಂಜಾವೂರಿನ ನಾಲ್ವರು ಸಂಗೀತಗಾರ ಸಹೋದರರಲ್ಲಿ ವಡಿವೇಲು ಸ್ವಾತಿ ತಿರುನಾಳರ ಆಸ್ಥಾನಕ್ಕೆ ಬಂದು, 1834ರಲ್ಲಿ ದಂತದ ಪಿಟೀಲನ್ನು ಉಡುಗೊರೆಯಾಗಿ ಪಡೆದರು. ಅಣ್ಣ ಚಿನ್ನಯ್ಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು. ನೂರು ವರ್ಷದ ಅನಂತರ ಈ ಎರಡು ಆಸ್ಥಾನಗಳ ನಡುವೆ ಇನ್ನೊಬ್ಬರು ಓಡಾಡಿದರು. ನಾಲ್ವಡಿಯವರ ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ತಿರುವನಂತಪುರಕ್ಕೆ ಬಂದು, ಮರೆವಿಗೆ ಸಂದಿದ್ದ ಸ್ವಾತಿ ತಿರುನಾಳ್ ರಚನೆಗಳನ್ನು ಹುಡುಕಿ ಸ್ವರ ಹಾಕಿ ಮತ್ತೆ ಹಾಡುವಂತೆ ಮಾಡಿದರು. 1939ರಲ್ಲಿ ಇಲ್ಲಿನ ಸಂಗೀತ ಅಕಾಡೆಮಿ ಶುರುವಾದಾಗ ಅವರೇ ಮೊದಲ ಪ್ರಾಂಶುಪಾಲರು. ಅವರ ಜಾಗಕ್ಕೆ ಬಂದವರು ಸೆಮ್ಮಂಗುಡಿ. ಭಾಗವತರು 1945ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ. ಕನ್ನಡದ ಸಂಗೀತಾಸಕ್ತರು ಅವರನ್ನು ಚಾಮುಂಡೇಶ್ವರಿ ಕೃತಿಗಳಿಗಾಗಿ ನೆನೆಯುತ್ತಾರೆ. ಅರಮನೆಯಂಗಳದಲ್ಲಿ ಕೂತಾಗ ಈ ಇನ್ನೊಂದು ಉಪಕಾರವನ್ನೂ ನೆನೆಯಬೇಕು.

ಅರಮನೆಯ ಪಕ್ಕದಲ್ಲೇ ನವರಾತ್ರಿ ಮಂಟಪವಿದೆ. ಅಲ್ಲಿನ ನವರಾತ್ರಿ ಕಛೇರಿಗಳ ನೇಮ ಕಟ್ಟುನಿಟ್ಟು. ಆಯಾ ದಿನಕ್ಕೆ ಆಯಾ ಕೃತಿ, ಹಾಡುವ ಗಂಡಸರು ಅಂಗಿ ತೊಡುವಂತಿಲ್ಲ, ಯಾರೂ ಚಪ್ಪಾಳೆ ತಟ್ಟುವಂತಿಲ್ಲ. ಹೆಂಗಸರು ಅಲ್ಲಿ ಹಾಡುವಂತೆಯೇ ಇರಲಿಲ್ಲ. 2006ರಲ್ಲಿ ಪಾರಶ್ಶಾಲ ಪೊನ್ನಮ್ಮಾಳ್ ಹಾಡಿ ಆ ಬಾಗಿಲು ತೆರೆದರು. ಆಗ ಅವರಿಗೆ 80 ದಾಟಿತ್ತು. ಆ ಮಂಟಪದ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ಮಕ್ಕಳನ್ನು ಮೊದಲ ಬಾರಿಗೆ ಸಂಗೀತಕ್ಕೆ ಕರೆದೊಯ್ಯುವವರಿಗೆ ಜನವರಿಯ ಅಂಗಳವೇ ಸರಿ. ಇಲ್ಲಿ ನಿದ್ದೆ ಬಂದ ಮಗುವನ್ನು ತೊಡೆಯ ಮೇಲೆ ಮಲಗಿಸಬಹುದು, ತನಿ ಆವರ್ತನ ಮುಗಿದಾಗ ಮನಸಾರೆ ಚಪ್ಪಾಳೆ ತಟ್ಟಬಹುದು.

ಉತ್ಸವದ ಹಿಂದಿರುವವರು ತಿರುವಾಂಕೂರು ರಾಜಮನೆತನದ ಪ್ರಿನ್ಸ್ ರಾಮವರ್ಮ. ವೆಚ್ಚೂರು ಹರಿಹರ ಸುಬ್ರಹ್ಮಣ್ಯ ಅಯ್ಯರ್, ಎಂ. ಬಾಲಮುರಳೀಕೃಷ್ಣ ಅವರಲ್ಲಿ ಕಲಿತ ಗಾಯಕ, ವೀಣೆಯನ್ನೂ ನುಡಿಸುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ಅವರು ಹೊಸಬರಲ್ಲ. ಪೆರ್ಲದಲ್ಲಿ, ಬಾಯಾರು ಸೀಮೆಯ ಆಸುಪಾಸಿನಲ್ಲಿ ಅವರು ನಡೆಸಿಕೊಟ್ಟ ಪಾಠಗಳಲ್ಲಿ ಹಳ್ಳಿಯ ಮಕ್ಕಳು ಸಾಲಾಗಿ ಕೂತು ಸ್ವಾತಿ ತಿರುನಾಳರ ಹಾಡು ಕಲಿತಿದ್ದಾರೆ. ಪದ್ಮನಾಭನಿಗೂ ಆ ನೆಲಕ್ಕೂ ನಂಟು ಹಳೆಯದು. ದೇವಸ್ಥಾನದ ಅರ್ಚಕರಾದ ನಂಬಿಗಳು ಬರುವುದು ಚಂದ್ರಗಿರಿ ಹೊಳೆಯ ಎರಡೂ ದಂಡೆಗಳ ಮನೆತನಗಳಿಂದ. ಆಚೆಯವರು ಅಕ್ಕರೆ ದೇಶಿ, ಈಚೆಯವರು ಇಕ್ಕರೆ ದೇಶಿ.

ಹೋಗುವವರು ಹಗಲಲ್ಲೇ ಹೊರಟರೆ ಒಳ್ಳೆಯದು. ಕುತಿರಮಾಳಿಕ ಈಗ ವಸ್ತುಸಂಗ್ರಹಾಲಯ, ಒಳಗಿನ ಮರಗೆಲಸ ನೋಡಲು ಟಿಕೆಟ್ ಬೇಕು, ಸೋಮವಾರ ರಜೆ. ಪದ್ಮನಾಭನ ದರ್ಶನವೂ ಆಗಬೇಕೆಂದರೆ ಗಂಡಸರು ಮುಂಡು, ಹೆಂಗಸರು ಸೀರೆ ಅಥವಾ ಅಂಥದೇ ಸಾಂಪ್ರದಾಯಿಕ ಉಡುಪಿನಲ್ಲಿ ಹೋಗಬೇಕು. ಸಂಜೆ ಕಛೇರಿ ಶುರುವಾಗುವ ಮೊದಲು ಕೋಟೆಯ ಬಾಗಿಲ ಹತ್ತಿರ ಬಿಸಿ ಪಳಂಪೊರಿ, ಚಾಯ ಮುಗಿಸಿಕೊಳ್ಳಿ. ಜೊತೆಗೆ ಹಿರಿಯರಿದ್ದರೆ ಒಂದು ಶಾಲು ಇರಲಿ. ತೆರೆದ ಅಂಗಳವಾದ್ದರಿಂದ ರಾತ್ರಿ ಮಂಜು ಇಳಿಯುತ್ತದೆ. ಉಳ್ಳೂರಿನ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಂಡರೆ ಮಂಗಳದವರೆಗೂ ನಿಶ್ಚಿಂತೆಯಿಂದ ಕೂರಬಹುದು.