ತವರಿಗೆ ಬರುವ ಮೀನು

ಅಕ್ಕನ ಬಾಣಂತನದ ದಿನಗಳಲ್ಲಿ ಅಮ್ಮ ಮಲ್ಪೆಯಿಂದ ಮರಿ ತಾಟೆ ತರಿಸುತ್ತಿದ್ದರು. ಎದೆಹಾಲು ಹೆಚ್ಚಲು ಅದರ ಸಾರಿಗಿಂತ ಒಳ್ಳೆಯದು ಬೇರೊಂದಿಲ್ಲ ಎಂಬುದು ಕರಾವಳಿಯ ಮನೆಗಳ ಹಳೆಯ ನಂಬಿಕೆ. ಇಂಗ್ಲಿಷ್ ಸಿನಿಮಾದಲ್ಲಿ ನಾನು ಕಂಡು ಬೆಚ್ಚಿದ್ದ ಶಾರ್ಕ್‌ ನಮ್ಮ ಅಡುಗೆಮನೆಯ ಈ ತಾಟೆಯ ನೆಂಟನೇ ಎಂದು ತಿಳಿದದ್ದು ಬಹಳ ತಡವಾಗಿ.

ಇದು ನೆನಪಾಗಲು ಕಾರಣ ಗುಜರಾತಿನ ಒಂದು ಕಥೆ. ಸೌರಾಷ್ಟ್ರದ ವೆರಾವಲ್ ಸುತ್ತಿನ ಕಡಲಿಗೆ ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ. ಜಗತ್ತಿನ ಅತಿ ದೊಡ್ಡ ಮೀನು ಇದು. 12 ಮೀಟರಿಗೂ ಮಿಗಿಲಾಗಿ ಬೆಳೆದರೂ ತಿನ್ನುವುದು ಪ್ಲವಕಗಳನ್ನು, ಸಣ್ಣ ಮೀನುಗಳನ್ನು. ತೊಂಬತ್ತರ ದಶಕದಲ್ಲಿ ಅಲ್ಲಿ ಇದರ ಬೇಟೆ ಜೋರಾಗಿತ್ತು. ಕೊಕ್ಕೆ ಚುಚ್ಚಿ, ಅದಕ್ಕೆ ಬ್ಯಾರೆಲ್ ಕಟ್ಟಿ, ಮೀನು ಮುಳುಗಲಾರದೆ ದಣಿಯುವವರೆಗೆ ಕಾಯುತ್ತಿದ್ದರು. ಹಾಗಾಗಿ ಅದರ ಹೆಸರೂ ಬ್ಯಾರೆಲ್ ಎಂದೇ ಆಗಿತ್ತು. ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಮಾಂಸ ವಿದೇಶಕ್ಕೆ ಹೋಗುತ್ತಿತ್ತು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಈ ಬೇಟೆಯನ್ನು ಜಗತ್ತಿಗೆ ತೋರಿಸಿತು. 2001ರಲ್ಲಿ ಈ ಮೀನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿತು.

ಕಾನೂನೇನೋ ಬಂತು. ಆದರೆ ನಡುಗಡಲಿನಲ್ಲಿ ಕಾವಲುಗಾರ ಯಾರು? 2004ರಲ್ಲಿ ಗುಜರಾತ್ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಟಾಟಾ ಕೆಮಿಕಲ್ಸ್ ಕೈಗೂಡಿಸಿದ ಆಂದೋಲನಕ್ಕೆ ರಾಮಕಥಾ ಪ್ರವಚನಕಾರ ಮೊರಾರಿ ಬಾಪು ದನಿಯಾದರು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು, ಅವಳನ್ನು ಕೊಲ್ಲುವವರುಂಟೆ ಎಂಬುದು ಅವರ ಮಾತಿನ ತಿರುಳು. ಬ್ಯಾರೆಲ್ ಹೋಗಿ 'ವ್ಹಾಲಿ', ಅಂದರೆ ಮುದ್ದಿನವಳು, ಎಂಬ ಹೆಸರು ನಿಂತಿತು. ತವರು ಎಂಬ ಒಂದು ಪದಕ್ಕೆ ಎಷ್ಟು ಬಲವಿದೆಯೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಬರೀ ಭಾವನೆಯಿಂದ ಇದು ಸಾಧ್ಯವಾಯಿತೆಂದು ನಾನು ಒಪ್ಪಲಾರೆ. ಸಿಕ್ಕಿಬಿದ್ದ ಮೀನನ್ನು ಬಿಡಬೇಕಾದರೆ ಬಲೆಯನ್ನೇ ಕತ್ತರಿಸಬೇಕು. ಬಲೆಯೆಂದರೆ ಮೀನುಗಾರನ ಬಂಡವಾಳ, ಹಲವೊಮ್ಮೆ ಸಾಲದ್ದು. ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಡಲಾರಂಭಿಸಿತು. ಮುಂದೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರವನ್ನೇ ಸಾಕ್ಷಿಯಾಗಿ ಒಪ್ಪಲಾಯಿತು. ಅಧಿಕಾರಿ ಬರುವವರೆಗೆ ಮೀನು ಬಲೆಯಲ್ಲೇ ನರಳುವುದು ತಪ್ಪಿತು. ಅವನ ಮಾತನ್ನು ನಂಬಿದ ಈ ಸಣ್ಣ ಏರ್ಪಾಡೇ ನನಗೆ ಪ್ರವಚನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಈವರೆಗೆ ಒಂಬೈನೂರಕ್ಕೂ ಹೆಚ್ಚು ವ್ಹಾಲಿಗಳು ಹೀಗೆ ಕಡಲಿಗೆ ಮರಳಿವೆ.

ಕಚ್ಚದ ಮೀನನ್ನು ಮಗಳೆನ್ನುವುದು ಸುಲಭ. ಉಳಿದ ಶಾರ್ಕ್‌ಗಳಿಗೆ ಅಂಥ ಭಾಗ್ಯವಿಲ್ಲ. 'ಜಾಸ್' ಕಾದಂಬರಿ ಬರೆದ ಪೀಟರ್ ಬೆಂಚ್ಲಿಯೇ ಕೊನೆಗೆ ಪಶ್ಚಾತ್ತಾಪಪಟ್ಟು ಶಾರ್ಕ್ ರಕ್ಷಣೆಗೆ ದುಡಿದರು. ಅವರು ಹುಟ್ಟಿಸಿದ ಭಯ ಮಾತ್ರ ಉಳಿದುಕೊಂಡಿತು. ಶಾರ್ಕ್ ದಾಳಿಗೆ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಾಯುವವರು ಸಾಮಾನ್ಯವಾಗಿ ಹತ್ತು ಮಂದಿಯ ಆಸುಪಾಸು. ಮನುಷ್ಯರು ಕೊಲ್ಲುವ ಶಾರ್ಕ್‌ಗಳು ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರ ಅಧ್ಯಯನವೊಂದು ಅಂದಾಜಿಸಿತ್ತು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇ 71ರಷ್ಟು ಕುಸಿದಿದೆ ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಬಂಗುಡೆ, ಬೂತಾಯಿಗಳಂತೆ ಇವು ಲಕ್ಷಗಟ್ಟಲೆ ಮೊಟ್ಟೆಯಿಡುವುದಿಲ್ಲ. ಹಲವು ಜಾತಿಗಳು ವರ್ಷಗಟ್ಟಲೆ ಬೆಳೆದು, ತಿಂಗಳುಗಟ್ಟಲೆ ಬಸಿರು ಹೊತ್ತು, ಕೆಲವೇ ಮರಿಗಳನ್ನು ಹಾಕುತ್ತವೆ.

ಹಾಗೆಂದು ತಾಟೆಯ ಸಾರನ್ನೇ ನಿಷೇಧಿಸಿ ಎಂದು ನಗರದಲ್ಲಿ ಕುಳಿತು ಹೇಳಲು ನಾಲಗೆ ಬಾರದು. ಮಾರುಕಟ್ಟೆಯ ಮರಿಗಳೆಲ್ಲ ಮರಿಗಳೂ ಅಲ್ಲ. ಮೊಳದುದ್ದಕ್ಕೇ ಬೆಳೆದು ನಿಲ್ಲುವ ಚಿಕ್ಕ ಜಾತಿಯೊಂದಿದೆ. ಅದರ ಪಕ್ಕದಲ್ಲೇ ಆಳೆತ್ತರ ಮೀರಿ ಬೆಳೆಯಬೇಕಿದ್ದ, ಇಂದು ಅಳಿವಿನಂಚಿಗೆ ಬಂದಿರುವ ಸುತ್ತಿಗೆತಲೆ ಶಾರ್ಕ್‌ನ ಕೂಸೂ ಇರಬಹುದು. ತುಂಡಾದ ಮೇಲೆ ಗುರುತು ಹಿಡಿಯುವವರಾರು?

ಈಗ ಅಕ್ಕನ ಮಗಳು ಬಾಣಂತಿ. ಅಮ್ಮ ಮತ್ತೆ ತಾಟೆ ಬೇಕೆಂದರು. ಮೀನು ಮಾರುವಾಕೆಯನ್ನು ಇದು ಯಾವ ಜಾತಿ, ಮರಿಯೋ ಬೆಳೆದದ್ದೋ ಎಂದು ಕೇಳಿದೆ. "ಅದನ್ನೆಲ್ಲ ನೋಡ್ತಾ ಕೂತರೆ ನನ್ನ ಬುಟ್ಟಿ ಖಾಲಿಯಾಗ್ತದಾ ಮಾರಾಯ್ರೆ?" ಎಂದು ನಕ್ಕಳು. ಉತ್ತರ ತೋಚದೆ ಬಂಗುಡೆ ಕೊಂಡು ತಂದೆ. ಅಮ್ಮ ಎರಡು ದಿನ ಮುಖ ಕೊಟ್ಟು ಮಾತನಾಡಲಿಲ್ಲ.